ಚಿತ್ರ ಅದ್ಭುತ, ಕಥೆ ಸಪ್ಪೆ: ಈ ಪುಸ್ತಕವನ್ನು ಏನು ಮಾಡಲಿ?

ಕೇಳಿದವರು, ದಾವಣಗೆರೆ

ಒನಕೆ ಓಬವ್ವನ ಮೇಲೆ 112 ಪುಟದ ಗ್ರಾಫಿಕ್ ಕಾದಂಬರಿ ಮುಗಿಸಿದ್ದೇನೆ. ನೋಡಿದವರೆಲ್ಲ ಚಿತ್ರ ಹೊಗಳುತ್ತಾರೆ. ಬಂಡೆ, ಬತೇರಿ, ಮಳೆಮೋಡ ಎಲ್ಲಾ ಇಷ್ಟವಾಗುತ್ತದೆ. ಆದರೆ ಅರ್ಧಕ್ಕೆ ಬರುವಷ್ಟರಲ್ಲಿ ಪುಸ್ತಕ ಮಡಚಿ "ಆಮೇಲೆ ಓದ್ತೀನಿ" ಅನ್ನುತ್ತಾರೆ. ಕಥೆ ಸಪ್ಪೆ ಅಂತ ಬಾಯಿಬಿಟ್ಟು ಹೇಳಿದ್ದು ನನ್ನ ತಂಗಿ ಮಾತ್ರ. ಎಲ್ಲವನ್ನೂ ಮತ್ತೆ ಬರೆಯುವ ಶಕ್ತಿ ನನಗಿಲ್ಲ. ಚಿತ್ರ ಹಾಗೇ ಇಟ್ಟು ಕಥೆ ಮಾತ್ರ ಸರಿ ಮಾಡಬಹುದಾ? ಪುಟಗಳನ್ನು ಜೊತೆಗೆ ಹಾಕಿದ್ದೇನೆ. ಇಂಥ ಕೆಲಸ ಮಾಡಿದವರು ದಯವಿಟ್ಟು ಹೇಳಿ.

ಚಿತ್ರದುರ್ಗದಿಂದ, ಪತ್ರಿಕೆಗಳಿಗೆ ಚಿತ್ರ ಬರೆಯುವವರು

ಪುಟಗಳನ್ನು ಎರಡು ಸಲ ನೋಡಿದೆ. ನಮ್ಮ ಬಂಡೆಗಳನ್ನು ಇಷ್ಟು ಚೆನ್ನಾಗಿ ಬರೆದವರು ಕಡಿಮೆ. ತೊಂದರೆ ಇರುವುದೂ ಅಲ್ಲೇ. ನಿಮ್ಮ ಪುಸ್ತಕದಲ್ಲಿ ಕೋಟೆಗೆ ಜೀವ ಇದೆ, ಜನ ಮಾತ್ರ ಫೋಟೋಗೆ ನಿಂತ ಹಾಗಿದ್ದಾರೆ.

ಓಬವ್ವನ ಕಥೆ ನಮ್ಮ ಕಡೆ ಯಾರಿಗೆ ಗೊತ್ತಿಲ್ಲ ಹೇಳಿ? ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ನುಸುಳಿದರು, ಅವಳು ಒನಕೆಯಿಂದ ಬಡಿದಳು. 1779ರಲ್ಲಿ ಕೋಟೆ ಹೈದರನ ಕೈ ಸೇರಿತು ಅನ್ನುವುದೂ ಗೊತ್ತು. ಕೊನೆ ಗೊತ್ತಿರುವ ಕಥೆಯಲ್ಲಿ "ಮುಂದೇನು" ಅಂತ ಯಾರೂ ಕಾಯುವುದಿಲ್ಲ. ಅವಳು ಆ ಹೊತ್ತಲ್ಲಿ ಏನು ಯೋಚಿಸಿದಳು, ಯಾಕೆ ಹಾಗೆ ಮಾಡಿದಳು, ಅದಕ್ಕೆ ಕಾಯುತ್ತಾರೆ.

ನಮ್ಮಲ್ಲಿ ಹೇಳುವ ಕಥೆ ನೆನಪಿಸಿಕೊಳ್ಳಿ. ಗಂಡ ಕಹಳೆ ಊದುವ ಕಾವಲುಗಾರ. ಊಟಕ್ಕೆ ಮನೆಗೆ ಬಂದಿದ್ದಾನೆ. ಅವಳು ನೀರಿಗೆ ಹೋಗಿದ್ದಾಳೆ. ಕಿಂಡಿಯ ಕಡೆ ಸದ್ದು ಕೇಳುತ್ತದೆ. ಮನೆಗೆ ಓಡಿ ಬಂದರೆ ಅವನಿನ್ನೂ ಉಣ್ಣುತ್ತಿದ್ದಾನೆ. ಉಣ್ಣುವವನನ್ನು ಎಬ್ಬಿಸಬಾರದು ಅಂತ ತಾನೇ ಒನಕೆ ಹಿಡಿದು ಹೊರಡುತ್ತಾಳೆ. ಕಥೆ ಇರುವುದು ಇಲ್ಲಿ. ಒಂದು ಸಲ ಕಹಳೆ ಊದಿದರೆ ಕೋಟೆಯೆಲ್ಲ ಎದ್ದು ಬರುತ್ತದೆ. ಊದುವವನು ಕಣ್ಣೆದುರಿಗೇ ಕೂತಿದ್ದಾನೆ. ಅವಳು ಕರೆಯುವುದಿಲ್ಲ. ಯಾಕೆ? ನಿಜವಾಗಲೂ ಊಟ ಕೆಡಿಸಬಾರದು ಅಂತಲೇ? ಅವನು ಏಳುವಷ್ಟರಲ್ಲಿ ತಡವಾಗುತ್ತದೆ ಅನ್ನಿಸಿತೇ? ಅದನ್ನು ನೀವು ತೀರ್ಮಾನ ಮಾಡಬೇಕು. ಇದಕ್ಕೆ ನೀವು ಕೊಟ್ಟಿರುವುದು ಒಂದೇ ಪ್ಯಾನೆಲ್, ಅಂದರೆ ಒಂದೇ ಚೌಕದ ಚಿತ್ರ. ಅದರಲ್ಲೂ ಆಗಲೇ ಒನಕೆ ಎತ್ತಿಬಿಟ್ಟಿದ್ದಾಳೆ! ಮುಂದಿನ ಹೊಡೆದಾಟಕ್ಕೆ 14 ಪುಟ.

ಆ ಒಂದು ಪ್ಯಾನೆಲ್ ಅನ್ನು ನಾಲ್ಕು ಪುಟ ಮಾಡಿ. ಅವನ ಬೆನ್ನು. ಮುದ್ದೆ ಮುರಿಯುವ ಬೆರಳು. ಗೂಟಕ್ಕೆ ನೇತುಹಾಕಿದ ಕಹಳೆ. ಬಾಗಿಲಲ್ಲಿ ನಿಂತ ಅವಳ ಕಣ್ಣು ಕಹಳೆಯ ಮೇಲೆ. ಆಮೇಲೆ ಮೂಲೆಯ ಒನಕೆಯ ಮೇಲೆ. ಮತ್ತೆ ಅವನ ಬೆನ್ನು. ಒಂದು ಮಾತೂ ಬೇಡ.

ಹೊಡೆದಾಟದಲ್ಲೂ ಒಂದು ವಿಷಯ ಬಿಟ್ಟುಹೋಗಿದೆ. ಕಿಂಡಿಯಲ್ಲಿ ಒಬ್ಬರೇ ಬಗ್ಗಿ ಬರಬೇಕು, ಮೊದಲು ಕಾಣುವುದೇ ತಲೆ. ಒಬ್ಬ ಬಿದ್ದ ಮೇಲೆ ಹೆಣವನ್ನು ಎಳೆದು ಪಕ್ಕಕ್ಕೆ ಹಾಕದಿದ್ದರೆ ಹಿಂದಿನವನಿಗೆ ಗೊತ್ತಾಗಿಬಿಡುತ್ತದೆ. ಆ ಎಳೆಯುವ ಕೆಲಸ, ಏದುಸಿರು, ಜಾರುವ ಕೈ ನಿಮ್ಮ ಪುಟಗಳಲ್ಲಿ ಎಲ್ಲೂ ಇಲ್ಲ. ಬರೀ ಎತ್ತಿದ ಒನಕೆಗಳೇ ಇವೆ.

ದಾವಣಗೆರೆಯಿಂದ, ಕಾಮಿಕ್ಸ್‌ಗೆ ಮಾತು ಬರೆಯುವವರು

ನಾಲ್ಕು ಪುಟ ಸೇರಿಸುವುದಕ್ಕೆ ಮೊದಲು ಇರುವ ಮಾತನ್ನು ಅಳಿಸಿ. ಕಪ್ಪು ಮೋಡದ ಚಿತ್ರದ ಮೇಲೆ "ಕಪ್ಪು ಮೋಡ ಕವಿದಿತ್ತು" ಅಂತ ಬರೆದಿದ್ದೀರಿ. ಅವಳು ಓಡುವ ಚಿತ್ರದ ಮೇಲೆ "ಓಬವ್ವ ಓಡಿದಳು". ಓದುಗರಿಗೆ ಕಣ್ಣಿಲ್ವಾ? ನಿಮ್ಮ ಚಿತ್ರವನ್ನು ನೀವೇ ನಂಬುತ್ತಿಲ್ಲ.

ಚಿತ್ರ ಮೊದಲು, ಮಾತು ಆಮೇಲೆ ಅನ್ನುವುದು ಹೊಸದೇನಲ್ಲ. 1960ರ ದಶಕದಲ್ಲಿ ಅಮೆರಿಕದ ಕಾಮಿಕ್ಸ್ ಕಂಪನಿ ಮಾರ್ವೆಲ್‌ನಲ್ಲಿ ಸ್ಟ್ಯಾನ್ ಲೀ ಕಥೆಯ ಎಳೆ ಮಾತ್ರ ಕೊಡುತ್ತಿದ್ದರು. ಜ್ಯಾಕ್ ಕರ್ಬಿಯಂಥ ಚಿತ್ರಕಾರರು ಪುಟಗಳನ್ನು ಬರೆದ ಮೇಲೆ ಲೀ ಬಲೂನಿಗೆ, ಅಂದರೆ ಮಾತು ಬರೆಯುವ ಗುಳ್ಳೆಗೆ, ಮಾತು ತುಂಬುತ್ತಿದ್ದರು. ಹಾಗಾಗಿ ನಿಮ್ಮ ಪುಟಗಳಿಗೂ ಹೊಸ ಮಾತು ಕೂರಿಸಬಹುದು. ಎಲ್ಲಾ ಬಲೂನನ್ನೂ ಬಿಳಿ ಮಾಡಿ ಜೆರಾಕ್ಸ್ ತೆಗೆಸಿ, ಕಥೆ ಗೊತ್ತಿಲ್ಲದ ಒಬ್ಬರ ಕೈಗೆ ಕೊಡಿ. ಅವರು ಎಲ್ಲಿ ತಪ್ಪು ತಿಳಿಯುತ್ತಾರೋ ಅಲ್ಲಿ ಮಾತ್ರ ಮಾತು ಬೇಕು.

ಇನ್ನೊಂದು. ಬಲೂನುಗಳು ಚಿಕ್ಕದಾಗಿವೆ. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದೆ. "ಕತ್ತಲ್ಲಿ", "ಹುತ್ತದಲ್ಲಿ" ಅಂತ ಬಂದ ಕಡೆ ನಿಮ್ಮ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಬಡಿಯುತ್ತಿದೆ. ಸಾಲುಗಳ ನಡುವೆ ಜಾಗ ಬಿಡಿ. ಓದುಗರು ಅರ್ಧಕ್ಕೆ ಬಿಡುವುದಕ್ಕೆ ಇದೂ ಒಂದು ಕಾರಣ ಇರಬಹುದು.

ದಾವಣಗೆರೆಯಿಂದ, ಪ್ರಿಂಟಿಂಗ್ ಪ್ರೆಸ್ ಕೆಲಸದವರು

ಆಫ್‌ಸೆಟ್ ಮುದ್ರಣದಲ್ಲಿ ಸಾಮಾನ್ಯವಾಗಿ 16 ಪುಟಕ್ಕೆ ಒಂದು ಫಾರಂ, ಅಂದರೆ ಒಟ್ಟಿಗೆ ಅಚ್ಚಾಗುವ ಒಂದು ದೊಡ್ಡ ಹಾಳೆ. ನಿಮ್ಮದು ಸರಿಯಾಗಿ ಏಳು ಫಾರಂ. ಸುಮ್ನೆ ನಾಲ್ಕು ಪುಟ ಸೇರಿಸಿದರೆ ಖರ್ಚು ಏರುತ್ತದೆ. ಬಂಡೆಯ ಪುಟಗಳಲ್ಲಿ 20 ತೆಗೆದು ಈ ನಾಲ್ಕು ಸೇರಿಸಿ, 96ಕ್ಕೆ ಇಳಿಯುತ್ತದೆ, ಒಂದು ಫಾರಂ ದುಡ್ಡು ಉಳಿಯುತ್ತದೆ. ಮತ್ತೆ, ಓದುಗ ಬೆಚ್ಚಬೇಕಾದ ಚಿತ್ರ ಯಾವಾಗಲೂ ಎಡಪುಟದಲ್ಲಿರಲಿ, ಅಂದರೆ ಪುಟ ತಿರುವಿದ ಮೇಲೆ ಕಾಣುವಂತೆ. ಕಿಂಡಿಯಿಂದ ಮೊದಲ ತಲೆ ಹೊರಬರುವುದು ನಿಮ್ಮಲ್ಲಿ ಬಲಪುಟದಲ್ಲಿದೆ. ಪಕ್ಕದ ಪುಟ ಓದುವಾಗಲೇ ಕಂಡುಬಿಡುತ್ತದೆ.

ಹೊಳಲ್ಕೆರೆಯಿಂದ, ಓದುಗರು

ನನಗಂತೂ ಚಿತ್ರ ಚೆನ್ನಾಗಿದ್ದರೆ ಸಾಕು. ಕಥೆ ಬೇಡ ಅಂದರೆ ಕೋಟೆಯ ಚಿತ್ರಗಳ ಪುಸ್ತಕ ಅಂತಲೇ ಮಾಡಿ. ನಾನು ಕೊಳ್ಳುತ್ತೇನೆ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. 20 ಪುಟ ತೆಗೆಯುವುದು ಅಂದರೆ ಹೊಟ್ಟೆ ಉರಿಯುತ್ತದೆ, ನೋಡೋಣ. ಮೊದಲ 30 ಪುಟ ಏನು ಮಾಡಲಿ? ಓಬವ್ವ ಬರುವುದೇ ಅಲ್ಲಿಂದ ಮುಂದೆ.

ಚಿತ್ರದುರ್ಗದವರು, ಮತ್ತೆ

ಚಿತ್ರಗಳ ಪುಸ್ತಕ ಮಾಡಿ ಅನ್ನುವ ಸಲಹೆ ಕೇಳಬೇಡಿ, ಅದು ಸುಲಭದ ದಾರಿ. ತೆಗೆದ ಪುಟಗಳನ್ನು ಬೇಕಾದರೆ ಪೋಸ್ಟರ್ ಮಾಡಿ ಮಾರಿ.

ಮೊದಲ 30 ಪುಟಕ್ಕೆ ಒಂದು ದಾರಿ ಇದೆ. ಯಾರೋ ಒಬ್ಬರು ಬಂಡೆ ಸಂದಿಯಿಂದ ಕೋಟೆಯೊಳಗೆ ಹೋಗುವುದನ್ನು ಹೈದರನ ಕಡೆಯವರು ನೋಡಿದರು, ಹಾಗಾಗಿ ದಾರಿ ಗೊತ್ತಾಯಿತು ಅಂತ ಹೇಳುತ್ತಾರಲ್ವಾ? ನಿಮ್ಮ ಒಂದು ದೊಡ್ಡ ಚಿತ್ರದಲ್ಲಿ ಆ ಮನುಷ್ಯ ಇರುವೆಯಷ್ಟು ಕಾಣುತ್ತಾನೆ. ಅವನಿಗೊಂದು ಮುಖ ಕೊಡಿ. ಕಾದಂಬರಿ ತಾನೆ, ಕಟ್ಟಿಕೊಳ್ಳಬಹುದು. ದಿನಾ ಅದೇ ದಾರಿಯಲ್ಲಿ ಬಂದು ಓಬವ್ವನ ಜೊತೆ ಎರಡು ಮಾತಾಡಿ ಹೋಗುವವನಾಗಿರಲಿ. ಕಿಂಡಿ ಇರುವ ಗುಟ್ಟು ಅವಳಿಗೂ ಮೊದಲೇ ಗೊತ್ತಿದ್ದು ಯಾರಿಗೂ ಹೇಳದಿದ್ದರೆ? ಆಗ ಅವಳು ಗಂಡನನ್ನು ಯಾಕೆ ಕರೆಯಲಿಲ್ಲ ಅನ್ನುವುದಕ್ಕೆ ಬೇರೆಯೇ ಕಾರಣ ಸಿಗುತ್ತದೆ. ಇದನ್ನು ಒಪ್ಪದವರು ಊರಲ್ಲಿ ಇರುತ್ತಾರೆ, ಬಯ್ಯುತ್ತಾರೆ. ಬಯ್ಯಲಿ, ಓದಿ ಮುಗಿಸಿಯೇ ಬಯ್ಯಬೇಕಲ್ಲ.

ನೇರ ಇಂಕಿಗೆ ಹೋಗಬೇಡಿ. ಜಪಾನಿನ ಕಾಮಿಕ್ಸ್ ಆದ ಮಂಗಾ ಮಾಡುವವರು ಪುಟಗಳನ್ನು ಮೊದಲು ಒರಟಾಗಿ ಗೀಚಿ ಸಂಪಾದಕರಿಗೆ ತೋರಿಸುತ್ತಾರೆ. ಒಪ್ಪಿಗೆ ಸಿಕ್ಕ ಮೇಲೆಯೇ ಪೂರ್ತಿ ಚಿತ್ರ. ನೀವೂ ಬೆಂಕಿಪೊಟ್ಟಣದಷ್ಟು ಚಿಕ್ಕ ಚೌಕಗಳಲ್ಲಿ ಗೀಚಿಕೊಂಡು ಬನ್ನಿ, ಕೋಟೆಯಲ್ಲೇ ಕೂತು ನೋಡೋಣ. ಬೆಳಗ್ಗೆ ಬೇಗ ಬನ್ನಿ, ಬಿಸಿಲೇರಿದರೆ ಬಂಡೆ ಕಾಯುತ್ತದೆ, ಜನವೂ ಜಾಸ್ತಿ. ಅವಳು ನೀರಿಗೆ ಹೋದ ತಣ್ಣೀರು ದೋಣಿಯಿಂದ ಕಿಂಡಿಗೆ ನಡೆದು ಅವಳಿಗೆ ಎಷ್ಟು ಹೊತ್ತು ಸಿಕ್ಕಿತ್ತು ಅಂತ ಲೆಕ್ಕ ಹಾಕಬಹುದು. ಜೊತೆಗೆ ಒಬ್ಬರನ್ನು ಕರೆತನ್ನಿ, ಕಿಂಡಿಯಲ್ಲಿ ನುಸುಳಿ ತೋರಿಸುವುದಕ್ಕೆ ಬೇಕು. ನನ್ನ ಮಂಡಿ ಈಗ ಅಷ್ಟು ಬಗ್ಗುವುದಿಲ್ಲ.