ಮನೋವೈದ್ಯರನ್ನು ಕೇಳಿ: ಮಾತ್ರೆ, ಮೆದುಳು, ಮನಸ್ಸು

ಹಕ್ಕಿ: ಡಾಕ್ಟ್ರೇ, ಖಿನ್ನತೆಗೆ ಮಾತ್ರೆ ಶುರುಮಾಡಿ ಹತ್ತು ದಿನ ಆಯ್ತು. ಏನೂ ವ್ಯತ್ಯಾಸ ಇಲ್ಲ. ಬಿಟ್ಟುಬಿಡಲಾ?

ಡಾಕ್ಟರ್: ಬಿಡಬೇಡಿ. ಮಾತ್ರೆ ಸೆರೊಟೋನಿನ್ ಅನ್ನುವ ಮೆದುಳಿನ ರಾಸಾಯನಿಕದ ಮೇಲೆ ಕೆಲವೇ ಗಂಟೆಗಳಲ್ಲಿ ಕೆಲಸ ಶುರುಮಾಡುತ್ತದೆ, ಆದರೆ ಮನಸ್ಸು ಹಗುರಾಗಲು ಸಾಮಾನ್ಯವಾಗಿ 2ರಿಂದ 6 ವಾರ ಬೇಕು. ನರಕೋಶಗಳ ನಡುವಿನ ಸಂಪರ್ಕ ನಿಧಾನವಾಗಿ ಬದಲಾಗುವುದೇ ಇದಕ್ಕೆ ಒಂದು ಕಾರಣ ಅಂತ ಅನೇಕ ಸಂಶೋಧಕರು ಹೇಳುತ್ತಾರೆ. ನಡುವೆ ಸಾಯುವ ಯೋಚನೆ ಬಂದರೆ ಮಾತ್ರ ಕಾಯಬೇಡಿ, ಅವತ್ತೇ ವೈದ್ಯರಿಗೆ ಹೇಳಿ.

ಮೇಷ್ಟ್ರು: ಒಂದು ಫಾರ್ವರ್ಡ್ ಬಂದಿದೆ. 21 ದಿನ ಒಳ್ಳೆಯದನ್ನೇ ಯೋಚಿಸಿದರೆ ಮೆದುಳೇ ಹೊಸದಾಗುತ್ತದಂತೆ, ಮಾತ್ರೆ ಬೇಡವಂತೆ. ನಿಜವೇ?

ಡಾಕ್ಟರ್: ಸುಳ್ಳು. ಮೆದುಳು ಬದಲಾಗುವುದು ನಿಜ, 21ರ ಲೆಕ್ಕ ಸುಳ್ಳು. ಊಟದ ಜೊತೆ ನೀರು ಕುಡಿಯುವಂಥ ಸಣ್ಣ ಅಭ್ಯಾಸ ಬೇರೂರುವುದಕ್ಕೇ 18ರಿಂದ 254 ದಿನ ಅಂತ ಲಂಡನ್ನಿನ ಒಂದು ಅಧ್ಯಯನ ಅಂದಾಜು ಮಾಡಿದೆ. ಇಂಥವನ್ನು ಹಂಚಬೇಡಿ.

ಮಳೆಹನಿ: ನನ್ನ ತಂಗಿಗೆ ಮೂರು ವಾರದಿಂದ ಖಿನ್ನತೆಯ ಮಾತ್ರೆ ನಡೀತಿದೆ. ಈಗ ಪೂರ್ತಿ ಹುಷಾರು! ರಾತ್ರಿ ಎರಡೇ ಗಂಟೆ ಮಲಗ್ತಾಳೆ, ಸುಸ್ತೇ ಇಲ್ಲ. ಮಾತು ನಿಲ್ಲಲ್ಲ. ನಿನ್ನೆ ಒಂದೇ ಥರದ ನಾಲ್ಕು ಜೊತೆ ಶೂ ತರಿಸಿದ್ದಾಳೆ. ಮಾತ್ರೆ ನಿಲ್ಲಿಸಬಹುದಾ?

ಡಾಕ್ಟರ್: ಮಳೆಹನಿಯವರೇ, ಇದನ್ನು ಓದಿ ನನಗೆ ಕಳವಳ ಆಯಿತು. ಖಿನ್ನತೆ ಇಳಿದವರಿಗೆ ನಿದ್ದೆ ಸರಿಹೋಗುತ್ತದೆ, ನಿದ್ದೆಯೇ ಬೇಡ ಅನಿಸುವುದಿಲ್ಲ. ಎರಡು ಗಂಟೆ ಮಲಗಿ ಲವಲವಿಕೆಯಿಂದ ಏಳುವುದು, ತಡೆಯಿಲ್ಲದ ಮಾತು, ಲೆಕ್ಕವಿಲ್ಲದ ಖರ್ಚು ಒಟ್ಟಿಗೆ ಬಂದರೆ ನಾವು ಮೊದಲು ಯೋಚಿಸುವುದು ಮೇನಿಯಾ, ಅಂದರೆ ಮನಸ್ಸು ಅತಿಯಾಗಿ ಉಕ್ಕೇರುವ ಸ್ಥಿತಿಯ ಬಗ್ಗೆ. ಖಿನ್ನತೆ, ಮೇನಿಯಾ ಎರಡೂ ಬಂದುಹೋಗುವ ಬೈಪೋಲಾರ್ ಕಾಯಿಲೆ ಎಷ್ಟೋ ಸಲ ಬರೀ ಖಿನ್ನತೆಯಾಗಿಯೇ ಶುರುವಾಗುತ್ತದೆ, ಆಗ ಗುರುತಿಸುವುದು ಕಷ್ಟ. ಅಂಥವರಲ್ಲಿ ಕೆಲವರಿಗೆ ಖಿನ್ನತೆಯ ಮಾತ್ರೆ ಒಂದನ್ನೇ ಕೊಟ್ಟಾಗ ಮನಸ್ಸು ಇನ್ನೊಂದು ತುದಿಗೆ ಹೋಗಿಬಿಡುತ್ತದೆ. ಇವತ್ತೇ, ಮುಂದಿನ ಮಾತ್ರೆಗೆ ಮುಂಚೆ, ಬರೆದುಕೊಟ್ಟ ವೈದ್ಯರಿಗೆ ಫೋನ್ ಮಾಡಿ. ನಿಲ್ಲಿಸುವುದೋ ಬದಲಿಸುವುದೋ ಅವರೇ ಹೇಳಲಿ. ಈ ವಾರ ಎಷ್ಟೆಷ್ಟು ಹೊತ್ತು ಮಲಗಿದರು ಅಂತ ಬರೆದುಕೊಂಡು ಹೋಗಿ. ಮನೆಯಲ್ಲಿ ಯಾರಿಗಾದರೂ ಹೀಗೆ ಆಗಿತ್ತಾ? ಅದನ್ನೂ ಹೇಳಿ. ಗಾಡಿ ಓಡಿಸಲು ಬಿಡಬೇಡಿ.

ಬೆಳಕು: ಪಾಪ, ಈಗ ತಾನೇ ನಗ್ತಿರೋ ಹುಡುಗೀನ ಮತ್ತೆ ರೋಗಿ ಮಾಡ್ತಿದ್ದೀರಲ್ಲ. ಎಲ್ಲದಕ್ಕೂ ಒಂದು ಹೆಸರು!

ಹಕ್ಕಿ: ಎರಡು ಗಂಟೆ ನಿದ್ದೆ ನಿಮಗೆ ಖುಷಿ ಥರ ಕಾಣುತ್ತಾ? ನಮ್ಮ ಅಣ್ಣನಿಗೂ ಹೀಗೇ ಶುರುವಾಗಿದ್ದು. ಗೊತ್ತಿಲ್ಲದಿದ್ರೆ ಸುಮ್ನಿರಿ.

ಬೆಳಕು: ನನ್ನ ಅಭಿಪ್ರಾಯ ಹೇಳೋಕೆ ನಿಮ್ಮ ಅಪ್ಪಣೆ ಬೇಕಾ? ಸೇಂಟ್ ಜಾನ್ಸ್ ವರ್ಟ್ ಅಂತ ಗಿಡಮೂಲಿಕೆ ಇದೆ, ಮಾತ್ರೆ ಜೊತೆಗೇ ತಗೋಬಹುದು, ಅಡ್ಡಪರಿಣಾಮ ಇಲ್ಲ.

ಡಾಕ್ಟರ್: ಇದೆ. ಖಿನ್ನತೆಯ ಮಾತ್ರೆಗಳ ಜೊತೆ ಅದು ಸೇರಿದರೆ ಸೆರೊಟೋನಿನ್ ಅತಿಯಾಗಿ ಜ್ವರ, ನಡುಕ, ಗೊಂದಲ ಬರಬಹುದು. ಪ್ರಾಣಕ್ಕೂ ಅಪಾಯ. ಮೇನಿಯಾವನ್ನೂ ಕೆರಳಿಸಬಹುದು. ಆ ಸಲಹೆ ಅಳಿಸಿ.

ಸಂಜೆಮಲ್ಲಿಗೆ: ಧ್ಯಾನ ಮಾಡಿದರೆ ಭಯದ ನೆನಪು ಅಳಿಸಿಹೋಗುತ್ತಾ ಸರ್?

ಮೇಷ್ಟ್ರು: ಹತ್ತು ದಿನದಲ್ಲಿ ಗುಣ ಕಾಣದಿದ್ರೆ ಮಾತ್ರೆ ಬದಲಿಸಬೇಕಲ್ವಾ?

ಡಾಕ್ಟರ್: ಮೇಲೆ ಹೇಳಿದ್ದೇನೆ. ಓದಿ.

ಮಳೆಹನಿ: ಡಾಕ್ಟ್ರೇ, ಫೋನ್ ಮಾಡಿದೆ. ಮಾತ್ರೆ ಕೊಡಬೇಡಿ, ಈಗಲೇ ಕರ್ಕೊಂಡು ಬನ್ನಿ ಅಂದ್ರು. ಅವಳು ಬರಲ್ಲ ಅಂತಿದ್ದಾಳೆ. ನನಗೇನಾಗಿದೆ ಅಂತ ರೇಗ್ತಾಳೆ.

ಡಾಕ್ಟರ್: ಕಾಯಿಲೆ ಅಂತ ಒಪ್ಪಿಸಲು ಹೋಗಬೇಡಿ, ವಾದ ಬೆಳೆಯುತ್ತದೆ. ನಿದ್ದೆ ಕಮ್ಮಿಯಾಗಿದೆ, ಅದಕ್ಕೆ ತೋರಿಸೋಣ ಅನ್ನಿ. ಅವರು ನಂಬುವ ಒಬ್ಬರು ಜೊತೆಗಿರಲಿ. ಒಪ್ಪದಿದ್ದರೆ ವೈದ್ಯರಿಗೆ ಮತ್ತೆ ಫೋನ್ ಮಾಡಿ. ಹೊಡೆಯಲು ಬಂದರೆ, ಮನೆಬಿಟ್ಟು ಹೊರಟರೆ ನೇರ ತುರ್ತು ಚಿಕಿತ್ಸೆಗೆ. ಒಬ್ಬರನ್ನೇ ಬಿಡಬೇಡಿ.