ಸ್ಕೂಕ್ಲಾಸ್ಟರ್ ಅರಮನೆ: ಅರ್ಧಕ್ಕೆ ನಿಂತ ಔತಣಶಾಲೆಯನ್ನು ಈಗ ಪೂರ್ತಿ ಮಾಡಬೇಕೆ?

ವಾಸ್ತುಪ್ರಿಯ: ಸ್ವೀಡನ್ನಿನ ಮೇಲಾರೆನ್ ಸರೋವರದ ದಂಡೆಯ ಸ್ಕೂಕ್ಲಾಸ್ಟರ್ ಮೊದಲು ವ್ರಾಂಗೆಲ್ ಮನೆತನದ್ದಾಗಿತ್ತು. ದಂಡನಾಯಕ ಕಾರ್ಲ್ ಗುಸ್ತಾವ್ ವ್ರಾಂಗೆಲ್ 1654ರಲ್ಲಿ ಕಟ್ಟಿಸಲು ಹೊರಟು 1676ರಲ್ಲಿ ತೀರಿಕೊಂಡ, ಕೆಲಸವೂ ಅಲ್ಲಿಗೇ ನಿಂತಿತು. ಔತಣಶಾಲೆಯಲ್ಲಿ ಇವತ್ತಿಗೂ ಬರಿ ಇಟ್ಟಿಗೆ ಗೋಡೆ. ಅದೇ ಮನೆಯ ರಾಜಶಾಲೆಯಲ್ಲಿ ಗಚ್ಚಿನ ಚಿತ್ತಾರದ ಚಾವಣಿ ಇದೆ. ಮಾದರಿ ಕಣ್ಣೆದುರೇ ಇರುವಾಗ ಪೂರ್ತಿ ಮಾಡಿದರೆ ತಪ್ಪೇನು?

ಗಾರೆಮೇಸ್ತ್ರಿ: ತಪ್ಪೇ ಸರ್. ಮುಗಿದ ಕೋಣೆಗಳು ಯುರೋಪಿನ ತುಂಬ ಸಿಗುತ್ತವೆ. 17ನೇ ಶತಮಾನದ ಕೆಲಸ ಯಾವ ಹಂತದಲ್ಲಿ ನಿಂತಿತೋ ಹಾಗೆಯೇ ಉಳಿದಿರುವ ಕೋಣೆ ಎಷ್ಟು ಸಿಕ್ಕೀತು? ಕೆಲಸದವರ ಹತಾರಗಳೂ ಅಲ್ಲೇ ಉಳಿದವು. ಒಂದು ಪದರ ಗಾರೆ ಬಳಿದರೆ ಸಾಕು, ಇಟ್ಟಿಗೆ ವರಸೆ, ಸಂದಿನ ಗಾರೆ ಎಲ್ಲ ಮುಚ್ಚಿಹೋಗುತ್ತದೆ. ಮತ್ತೆ ಕೆರೆದು ತೆಗೆದರೂ ಮೊದಲಿನ ಮೈ ಸಿಗುವುದಿಲ್ಲ.

ಇತಿಹಾಸದ_ವಿದ್ಯಾರ್ಥಿ: ಕೆಲಸ ನಿಂತದ್ದು ಹನ್ನೊಂದನೇ ಕಾರ್ಲ್ ದೊರೆ ಶ್ರೀಮಂತರ ಜಮೀನು ಕಿತ್ತುಕೊಂಡದ್ದರಿಂದ ಅಲ್ಲವೇ? ದುಡ್ಡಿಲ್ಲದೆ ಬಿಟ್ಟದ್ದನ್ನು ಈಗ ಸರ್ಕಾರ ಮುಗಿಸಲಿ ಎನ್ನುವುದರಲ್ಲಿ ನ್ಯಾಯವಿದೆ.

ಹಳೆಕಡತ: ಕಾಲದ ಲೆಕ್ಕ ಹೊಂದುವುದಿಲ್ಲ. ದೊರೆ ದೊಡ್ಡ ಪ್ರಮಾಣದಲ್ಲಿ ಜಮೀನು ಮರುವಶ ಮಾಡಿಕೊಂಡದ್ದು 1680ರ ಸಂಸತ್ ಸಭೆಯ ನಂತರ. ಇಲ್ಲಿ ಉಳಿ, ತೋಪಡ ಕೆಳಗಿಟ್ಟದ್ದು ಅದಕ್ಕೆ ನಾಲ್ಕು ವರ್ಷ ಮೊದಲೇ. ವ್ರಾಂಗೆಲ್‌ನ ಗಂಡುಮಕ್ಕಳು ಯಾರೂ ಉಳಿಯಲಿಲ್ಲ. ಆಸ್ತಿ ಹೋದದ್ದು ಮಗಳು ಮಾರ್ಗರೆಟಾ ಯೂಲಿಯಾನಾಳಿಗೆ, ಅವಳ ಮೂಲಕ ಗಂಡ ನಿಲ್ಸ್ ಬ್ರಾಹೆಯ ಮನೆತನಕ್ಕೆ. ಅವರದು ಮೊದಲೇ ದೊಡ್ಡ ಮನೆತನ, ಮಾವನ ಔತಣಶಾಲೆ ಮುಗಿಸುವ ಅಗತ್ಯ ಬೀಳಲಿಲ್ಲ.

ಇನ್ನೊಂದು ಮಾತು, ಇದೇ ಮುಖ್ಯ. ಆಸ್ತಿಯನ್ನು ಫಿಡೆಕೊಮಿಸ್ ಕಟ್ಟಿನಲ್ಲಿ ಇಟ್ಟಿದ್ದರು. ಅಂದರೆ ವಾರಸುದಾರ ಅನುಭವಿಸಬಹುದು, ಹಂಚುವಂತಿಲ್ಲ, ಮಾರುವಂತಿಲ್ಲ. ಆಯುಧಶಾಲೆ, ಪುಸ್ತಕಗಳು, ಹಾಲೆಂಡಿನಿಂದ ತರಿಸಿದ ಮರಗೆಲಸದ ಹತಾರಗಳು ಹರಾಜಿಗೆ ಹೋಗದೆ ಉಳಿದದ್ದು ಈ ಕಟ್ಟಿನಿಂದ. 1930ರಲ್ಲಿ ಬ್ರಾಹೆ ವಂಶ ಮುಗಿದು ಫೊನ್ ಎಸ್ಸೆನ್ ಮನೆತನಕ್ಕೆ ಬಂತು, 1967ರಲ್ಲಿ ಸರ್ಕಾರ ಕೊಂಡಿತು.

ಇತಿಹಾಸದ_ವಿದ್ಯಾರ್ಥಿ: ಇಸವಿಯ ವಿಚಾರ ಒಪ್ಪಿದೆ. ಆದರೆ 'ಉಳಿಸಿದರು' ಅನ್ನುವಾಗ ಸಾಮಾನು ಎಲ್ಲಿಂದ ಬಂತು ಎನ್ನುವುದನ್ನೂ ಹೇಳಬೇಕು. ಹಣ್ಣು ತರಕಾರಿಗಳನ್ನೇ ಜೋಡಿಸಿ ಆರ್ಚಿಂಬೋಲ್ಡೊ ಬರೆದ ಚಕ್ರವರ್ತಿ ಎರಡನೇ ರುಡಾಲ್ಫನ ಚಿತ್ರ ಅಲ್ಲಿದೆ. 1648ರಲ್ಲಿ ಸ್ವೀಡಿಷ್ ಸೈನ್ಯ ಪ್ರಾಗ್ ನಗರದಿಂದ ದೋಚಿ ತಂದದ್ದು ಅದು.

ಹಳೆಕಡತ: ಖಂಡಿತ ಹೇಳಬೇಕು. ಜುಲೈಯಲ್ಲಿ ಲೂಟಿ, ಅಕ್ಟೋಬರಿನಲ್ಲಿ ಆ ಯುದ್ಧವನ್ನೇ ಮುಗಿಸಿದ ವೆಸ್ಟ್‌ಫಾಲಿಯಾ ಒಪ್ಪಂದ. ಮೂರು ತಿಂಗಳ ಅಂತರ.

ವಾಸ್ತುಪ್ರಿಯ: ಸರಿ, ಒಳಗೆ ಮುಟ್ಟುವುದು ಬೇಡ. ಹೊರಗೋಡೆಗಾದರೂ ಬಾಳಿಕೆ ಬರುವ ಸಿಮೆಂಟ್ ಗಾರೆ ಮಾಡಬಹುದಲ್ಲ? ಸುಣ್ಣ ಪದೇ ಪದೇ ಬಳಿಯಬೇಕು.

ಗಾರೆಮೇಸ್ತ್ರಿ: ಅದು ಎಲ್ಲಕ್ಕಿಂತ ದೊಡ್ಡ ಅಪಾಯ. ಹಳೆಯ ಇಟ್ಟಿಗೆ ನೀರು ಹೀರುತ್ತದೆ, ಬಿಡುತ್ತದೆ. ಸಿಮೆಂಟಿನ ಗಟ್ಟಿ ಪದರ ಬಿರುಕಿನಲ್ಲಿ ನೀರನ್ನು ಒಳಗೆ ಬಿಟ್ಟುಕೊಂಡು ಆರಲು ಬಿಡುವುದಿಲ್ಲ. ಚಳಿಗಾಲದಲ್ಲಿ ಆ ನೀರು ಹೆಪ್ಪುಗಟ್ಟಿ ಹಿಗ್ಗಿ ಗಾರೆಯನ್ನು ಇಟ್ಟಿಗೆಯ ಮೈ ಸಮೇತ ಹಕ್ಕಳೆ ಎಬ್ಬಿಸುತ್ತದೆ. ಓವೆ ಹೀಡೆಮಾರ್ಕ್ ಎಂಬ ವಾಸ್ತುಶಿಲ್ಪಿ 1970ರ ದಶಕದಲ್ಲಿ ಇದೇ ಮನೆಯ ದುರಸ್ತಿಯಲ್ಲಿ ಹಳೆಯ ಸುಣ್ಣದ ಪದ್ಧತಿಗೆ ಮರಳಿದರು. ಆ ದೇಶದ ದುರಸ್ತಿ ಕೆಲಸದ ದಾರಿಯನ್ನೇ ಅದು ತಿರುಗಿಸಿತು.

ಸುಣ್ಣದ ಕೆಲಸ ಕೆಡುವುದು ಅವಸರದಿಂದ. ಸಾಮಾನ್ಯ ಲೆಕ್ಕ ಒಂದು ಪಾಲು ಅರಳಿದ ಸುಣ್ಣಕ್ಕೆ ಮೂರು ಪಾಲು ಮರಳು. ಗೋಡೆ ಮೊದಲು ನೆನೆಸಬೇಕು, ಇಲ್ಲದಿದ್ದರೆ ಇಟ್ಟಿಗೆ ಗಾರೆಯ ನೀರು ಹೀರಿ ಅದು ಪುಡಿಯಾಗುತ್ತದೆ. ಸುಣ್ಣ ಬಳಿಯುವುದು ಹಾಲಿನಷ್ಟು ತೆಳ್ಳಗೆ, ಹಲವು ಸಲ. ದಪ್ಪ ಬಳಿದರೆ ಸಿಪ್ಪೆ ಏಳುತ್ತದೆ. ಸುಣ್ಣ ಗಟ್ಟಿಯಾಗುವುದು ಗಾಳಿಯ ಇಂಗಾಲದ ಡೈಆಕ್ಸೈಡ್ ಹಿಡಿದು, ಅದಕ್ಕೆ ವಾರಗಟ್ಟಲೆ ಬೇಕು. ಹಾಗಾಗಿ ಮೊದಲ ಹಿಮಕ್ಕೆ ಬಹಳ ಮುಂಚೆಯೇ ಕೆಲಸ ನಿಲ್ಲಿಸಬೇಕು.

ವಾಸ್ತುಪ್ರಿಯ: ಒಪ್ಪಿದೆ ಮೇಸ್ತ್ರಿಗಳೇ, ಸಿಮೆಂಟ್ ಮಾತು ಹಿಂತೆಗೆದುಕೊಳ್ಳುತ್ತೇನೆ. ಒಳಗಿನ ತೇವಕ್ಕೆ? ವಸಂತ ಬಂದೊಡನೆ ಕಿಟಕಿ ತೆರೆದರೆ ಸಾಲದೇ?

ಹಳೆಕಡತ: ಬಿಸಿ ಮಾಡದ ಮನೆಯಲ್ಲಿ ಅದೇ ಕುತ್ತು. ಚಳಿಗಾಲ ಕಳೆದರೂ ದಪ್ಪ ಗೋಡೆ 5 ಡಿಗ್ರಿಯಲ್ಲೇ ಇರಬಹುದು. ಹೊರಗೆ 15 ಡಿಗ್ರಿ, ಆರ್ದ್ರತೆ ಶೇ. 70 ಇದ್ದರೆ ಆ ಗಾಳಿ 10 ಡಿಗ್ರಿಯ ಆಸುಪಾಸಿನಲ್ಲೇ ನೀರು ಬಿಡುತ್ತದೆ. ಗೋಡೆಯ ಮೇಲೆ, ಚಿತ್ರದ ಬೆನ್ನಿಗೆ, ಪುಸ್ತಕದ ತೊಗಲಿಗೆ ಪಸೆ ಕೂತು ಬೂಷ್ಟು ಹಿಡಿಯುತ್ತದೆ. ಒಳಗೆ ಹೊರಗೆ ಎರಡೂ ಕಡೆ ಉಷ್ಣಾಂಶ, ಆರ್ದ್ರತೆ ಅಳೆದು, ಒಂದು ಘನ ಮೀಟರಿನಲ್ಲಿ ಎಷ್ಟು ಗ್ರಾಂ ನೀರಿದೆ ಎಂದು ಲೆಕ್ಕ ಹಾಕಿ, ಹೊರಗೆ ಕಡಿಮೆ ಇದ್ದ ದಿನ ಮಾತ್ರ ಕಿಟಕಿ ತೆರೆಯಬೇಕು.