ಟೋಕಿಯೋದಲ್ಲೊಂದು ಬಂಡೆ

“ಜಪಾನಿನವರನ್ನ ನೋಡಿ ಕಲೀಬೇಕು ಕಣ್ರೀ,” ಅಂದ ಗುಂಡ. ಅವನ ಮಾತೆಲ್ಲ ಅಲ್ಲಿಂದಲೇ ಶುರು. “2007ರಲ್ಲಿ ಸಮುದ್ರಕ್ಕೇ ಅಂತ ಒಂದು ಮೂಲ ಕಾನೂನು ಮಾಡಿದ್ರು. ಪ್ರಧಾನಿಯೇ ಅದರ ಕಚೇರಿಗೆ ಮುಖ್ಯಸ್ಥ. ಐದೈದು ವರ್ಷಕ್ಕೊಂದು ಮೂಲ ಯೋಜನೆ. 2023ರಲ್ಲಿ ನಾಲ್ಕನೇದು ಬಂತು!”

“ಸಮುದ್ರಕ್ಕೆ ತಿಳಿಸಿದ್ರಂತಾ?” ಕೇಳಿದರು ಪದ್ಮಕ್ಕ.

“ತಮಾಷೆ ಬೇಡ ಅಕ್ಕ. ನೆಲ ಇರೋದು 3.78 ಲಕ್ಷ ಚದರ ಕಿಲೋಮೀಟರು. ಮೀನು, ಖನಿಜ ತೆಗೆಯೋ ಹಕ್ಕಿರೋ ಅವರ ಪಾಲಿನ ಕಡಲು 44 ಲಕ್ಷಕ್ಕೂ ಮೇಲೆ. ಎಲ್ಲಾ ದೂರದ ದ್ವೀಪಗಳ ಪುಣ್ಯ. ಒಕಿನೊತೊರಿಶಿಮಾ ಒಂದರ ಸುತ್ತಲೇ ಸುಮಾರು 4 ಲಕ್ಷ!”

“ಅಂದ್ರೆ ಇಡೀ ದೇಶಕ್ಕಿಂತ ಹೆಚ್ಚು. ಭಾರೀ ದ್ವೀಪ ಇರಬೇಕು.”

ಗುಂಡ ಮೇಷ್ಟ್ರ ಮುಖ ನೋಡಿದ. ಮೇಷ್ಟ್ರು ಕನ್ನಡಕ ಒರೆಸುತ್ತಾ ಹೇಳಿದರು: “ಟೋಕಿಯೋದಿಂದ 1,700 ಕಿಲೋಮೀಟರು ದಕ್ಷಿಣಕ್ಕಿರೋ ಹವಳದ ದಿಬ್ಬ ಅದು. ಉಬ್ಬರ ಬಂದಾಗ ನೀರಿನ ಮೇಲೆ ಉಳಿಯೋದು ಎರಡೇ ಬಂಡೆಯ ನೆತ್ತಿ. ಚಿಕ್ಕದು ಒಂದು ಮಂಚದಷ್ಟೂ ಇಲ್ಲ.”

“ಅದಕ್ಕೇ ಸುತ್ತ ಕಾಂಕ್ರೀಟ್ ಹಾಕಿದ್ದಾರೆ, 1987ರಿಂದ!” ಗುಂಡ ಬಿಡಲಿಲ್ಲ. “ಚಿಕ್ಕದರ ಮೇಲೆ ಟೈಟಾನಿಯಂ ಬಲೆ. 2007ರಿಂದ ದೀಪಸ್ತಂಭ. ಆಡಳಿತದ ಲೆಕ್ಕದಲ್ಲಿ ಟೋಕಿಯೋಗೇ ಸೇರಿದ್ದು, ವಿಳಾಸ ಕೂಡ ಇದೆ. ಒಕಿನೊತೊರಿಶಿಮಾ 1, ಒಗಸವಾರಾ ಗ್ರಾಮ, ಟೋಕಿಯೋ.”

ಪದ್ಮಕ್ಕನ ಮುಖ ಅರಳಿತು. “ಟೋಕಿಯೋದಲ್ಲಿ ಸ್ವಂತ ಜಾಗ! ಸಂಬಂಧ ಕುದುರಿಸೋಕೆ ಇನ್ನೇನು ಬೇಕು? ನೀರಿಗೆ ಬರ ಇಲ್ಲ, ಅಕ್ಕಪಕ್ಕದವರ ಕಾಟ ಇಲ್ಲ, ನೆಂಟರು ಬಂದು ಠಿಕಾಣಿ ಹೂಡೋ ಭಯ ಇಲ್ಲ. ಉಬ್ಬರದ ಹೊತ್ತಿಗೆ ಮಾತ್ರ ಗಂಡ ಹೆಂಡತಿ ಎದ್ದು ನಿಂತ್ಕೋಬೇಕು, ಅಷ್ಟೇ.”

“ಅಲ್ಲೇ ಇರೋದು ತಕರಾರು,” ಅಂದರು ಮೇಷ್ಟ್ರು. “ವಿಶ್ವಸಂಸ್ಥೆಯ ಸಮುದ್ರ ಕಾನೂನಿನ 121ನೇ ವಿಧಿ ಪ್ರಕಾರ, ಮನುಷ್ಯರ ವಾಸಕ್ಕಾಗಲಿ ಸ್ವಂತ ಆರ್ಥಿಕ ಬದುಕಿಗಾಗಲಿ ಒದಗದ ಬಂಡೆಗೆ ಸುತ್ತಲಿನ 200 ನಾಟಿಕಲ್ ಮೈಲಿ, ಅಂದ್ರೆ ಸುಮಾರು 370 ಕಿಲೋಮೀಟರು ಕಡಲಿನ ಹಕ್ಕಿಲ್ಲ. ಚೀನಾ, ದಕ್ಷಿಣ ಕೊರಿಯಾ ಬಂಡೆ ಅಂತಾವೆ. ಜಪಾನು ದ್ವೀಪ ಅನ್ನುತ್ತೆ.”

“ಬಂಡೆ ಏನನ್ನುತ್ತೆ?”

“ಅದು ಬಲೆಯೊಳಗಿದೆ ಅಕ್ಕ,” ಅಂದ ಗುಂಡ ಪೆಚ್ಚಾಗಿ. ತಕ್ಷಣ ಚೇತರಿಸಿಕೊಂಡ. “ದಿಬ್ಬ ಉಳೀಲಿ ಅಂತ ಹವಳ ಬೇರೆ ಬೆಳೆಸಿ ನೆಡ್ತಿದ್ದಾರೆ. ಇನ್ನು ಲೆಕ್ಕಾಚಾರ ನೋಡಿ, 2023ರಲ್ಲಿ ಹೊಸದಾಗಿ ಎಣಿಸಿದಾಗ ದ್ವೀಪಗಳ ಸಂಖ್ಯೆ 6,852ರಿಂದ 14,125ಕ್ಕೆ ಏರಿತು!”

“ನೆಲ ಎಷ್ಟು ಹೆಚ್ಚಾಯ್ತು?”

“ನೆಲ ಅಷ್ಟೇ ಇದೆ. ನಕ್ಷೆ ಸ್ಪಷ್ಟವಾಯ್ತು.”

“ಸರಿ ಬಿಡು, ಸರಕಾರದ ಪ್ರಗತಿ ಅಂದ್ರೆ ಅದೇ.”

ಮೇಷ್ಟ್ರಿಗೆ ನಗು ಬರಲಿಲ್ಲ. “ಪದ್ಮಾ, ಅದೇ ಒಗಸವಾರಾ ಗ್ರಾಮದಲ್ಲಿ ನಿಜವಾದ ಜನರೂ ಇದ್ದಾರಮ್ಮ. ಚಿಚಿಜಿಮಾ, ಹಹಾಜಿಮಾ ಅಂತ ಎರಡು ದ್ವೀಪ. ವಿಮಾನ ಇಲ್ಲ. ಟೋಕಿಯೋದಿಂದ ಹಡಗಿನಲ್ಲಿ ಸುಮಾರು 24 ಗಂಟೆ. ಹೆರಿಗೆಗೂ ಮುಂಚಿತವಾಗಿ ಹಡಗು ಹತ್ತಿ ಹೋಗಬೇಕು.”

ಸ್ವಲ್ಪ ಹೊತ್ತು ಗುಂಡನೂ ಸುಮ್ಮನಿದ್ದ.

“ಹೈಸ್ಕೂಲಿಲ್ಲದ ದ್ವೀಪಗಳು ಎಷ್ಟೋ ಇವೆ,” ಮೇಷ್ಟ್ರು ಮುಂದುವರಿಸಿದರು. “ಅಲ್ಲಿ ಮಕ್ಕಳು ಹದಿನೈದಕ್ಕೇ ಮನೆ ಬಿಡ್ತಾರೆ. ಆಮೇಲೆ ಹೆಚ್ಚಿನವರು ಹಬ್ಬಕ್ಕೆ ಬರೋ ನೆಂಟರು.”

“ಅದಕ್ಕೇ ಸರಕಾರಕ್ಕೆ ಬಂಡೆ ಅಂದ್ರೆ ಪ್ರಾಣ,” ಅಂದರು ಪದ್ಮಕ್ಕ. “ಅದು ಸ್ಕೂಲು ಕೇಳಲ್ಲ, ಡಾಕ್ಟರನ್ನ ಕೇಳಲ್ಲ. ಹದಿನೈದು ತುಂಬಿದ್ರೂ ಊರು ಬಿಡಲ್ಲ.”

“ಅನ್ಯಾಯ ಮಾತಾಡಬೇಡಿ!” ಗುಂಡ ಸಿಡಿದ. “ಜನ ಇರೋ ದ್ವೀಪಗಳ ಅಭಿವೃದ್ಧಿಗೆ 1953ರಲ್ಲೇ ಕಾನೂನು ಮಾಡಿದ್ದಾರೆ. ಗಡಿ ದ್ವೀಪಗಳಿಗೆ 2016ರಲ್ಲಿ ಇನ್ನೊಂದು, ಅದರಲ್ಲಿ ಹಡಗಿನ ಟಿಕೆಟ್ಟಿಗೂ ರಿಯಾಯಿತಿ. ಮಿನಾಮಿತೊರಿಶಿಮಾ ಹತ್ತಿರ ಸಮುದ್ರದ ತಳದ ಕೆಸರಲ್ಲಿ ಅಪರೂಪದ ಖನಿಜ ಸಿಕ್ಕಿದೆ, ಗೊತ್ತಾ? ಐದಾರು ಸಾವಿರ ಮೀಟರ್ ಆಳದಲ್ಲಿ. ಆ ದ್ವೀಪದಲ್ಲಿ ರನ್‌ವೇನೂ ಇದೆ!”

“ಅಲ್ಲಿ ಎಷ್ಟು ಮನೆ?”

“ಊರವರು ಯಾರೂ ಇಲ್ಲ. ನೌಕಾಪಡೆಯವರು, ಹವಾಮಾನ ಇಲಾಖೆಯವರು.”

“ಅದು ಯಾವ ಗ್ರಾಮಕ್ಕೆ ಸೇರಿದ್ದಪ್ಪ?”

“ಒಗಸವಾರಾ…” ಗುಂಡನ ದನಿ ಇಳಿಯಿತು.

“ಜನ ಇರೋ ಕಡೆ ರನ್‌ವೇ ಇಲ್ಲ, ರನ್‌ವೇ ಇರೋ ಕಡೆ ಜನ ಇಲ್ಲ. ಒಂದೇ ಗ್ರಾಮ!”

ಗುಂಡ ತಲೆ ಕೆರೆದುಕೊಂಡ. “ಹಾಗಾದ್ರೆ ಜನರನ್ನ ಹಡಗಲ್ಲಿ ಮಿನಾಮಿತೊರಿಶಿಮಾಕ್ಕೆ ಕರ್ಕೊಂಡು ಹೋಗಿ, ಅಲ್ಲಿಂದ ವಿಮಾನದಲ್ಲಿ ಟೋಕಿಯೋಗೆ…”

“ಭೇಷ್! ಅಲ್ಲಿಗೆ ಹೋಗೋದೇ ಟೋಕಿಯೋಗಿಂತ ದೂರ ಕಣೋ,” ಅಂದರು ಮೇಷ್ಟ್ರು.

“ಇರಲಿ ಬಿಡಿ ಮೇಷ್ಟ್ರೇ,” ಅಂದರು ಪದ್ಮಕ್ಕ. “ಐದನೇ ಯೋಜನೆ ಬರೆಯೋಕೆ ಇವನೇ ಸರಿ.”